ಕಿರುಚೋದು ಮೊದಲು, ಒದೆಯೋದು ಆಮೇಲೆ

ಹೋದ ತಿಂಗಳು ಮಂಡಿನೋವಿನ ಬಗ್ಗೆ ಬರೆಯುತ್ತಾ ನಡುವೆ ಸುಮ್ನೆ ಒಂದು ಸಾಲು ಹಾಕಿದ್ದೆ. ವಯಸ್ಸು 30 ದಾಟಿತು, ಇನ್ನೇನು ಆಟ ಅನ್ನುವವರು ಫ್ರಾನ್ಸಿನ ಲೊರಾನ್ಸ್ ಫಿಶರ್ ಅವರನ್ನು ನೋಡಲಿ, 33ಕ್ಕೆ ಕರಾಟೆಯ ವಿಶ್ವ ಚಾಂಪಿಯನ್ ಆದವರು ಅಂತ. ಅಷ್ಟೇ. ಮಂಡಿನೋವಿಗೆ ಬಂದ ಪತ್ರ ಮೂರು. ಆ ಒಂದು ಸಾಲಿಗೆ ಬಂದದ್ದು ಹತ್ತೊಂಬತ್ತು. ಹಾಗಾಗಿ ಈ ಸಲ ಪೂರ್ತಿ ಕರಾಟೆ. ಮಂಡಿಯವರು ಬೇಜಾರಾಗಬೇಡಿ, ಬಿಸಿನೀರಿನ ಶಾಖ ಮುಂದುವರಿಸಿ.

ಹೊಸ ಓದುಗರಿಗೆ ನನ್ನ ಪರಿಚಯ. ಗುಬ್ಬಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ 29 ವರ್ಷ ಪಿ.ಟಿ. ಟೀಚರ್ ಆಗಿದ್ದೆ. ಈಗ ನಿವೃತ್ತಿ. ತುಮಕೂರಿನ ಎಸ್.ಎಸ್. ಪುರಂನಲ್ಲಿ ಮನೆ. ಮಹಡಿಯ ಮೇಲೆ ಸಂಜೆ ಹುಡುಗಿಯರಿಗೆ ಕರಾಟೆ ಹೇಳಿಕೊಡುತ್ತೇನೆ. ಕಪ್ಪು ಬೆಲ್ಟು, ಎರಡನೇ ಡಾನ್. ಡಾನ್ ಅಂದರೆ ಕಪ್ಪು ಬೆಲ್ಟಿನೊಳಗಿನ ಮೆಟ್ಟಿಲು. ಮೂರನೆಯದಕ್ಕೆ ಯಾಕೆ ಹೋಗಲಿಲ್ಲ ಅನ್ನುವುದು ಕೆಳಗೆ ಒಂದು ಉತ್ತರದಲ್ಲಿ ಬರುತ್ತದೆ.

ಯಾರು ಮೇಡಂ ಈ ಫಿಶರ್? ಫೋನಿನಲ್ಲಿ ಹುಡುಕಿದರೆ ಒಬ್ಬ ಚೆಸ್ ಆಟಗಾರ ಬರುತ್ತಾನೆ.
— ಪಿಯುಸಿ ವಿದ್ಯಾರ್ಥಿನಿ, ಕ್ಯಾತ್ಸಂದ್ರ

ಅವನು ಬಾಬಿ, ಅಮೆರಿಕದವನು. ಇವರು ಲೊರಾನ್ಸ್. ಹೆಸರು ಪೂರ್ತಿ ಹಾಕಿ ಹುಡುಕಮ್ಮ.

ಇವರ ಪರಿಚಯ ನನಗಾಗಿದ್ದು ವಿಚಿತ್ರವಾಗಿ. 2003 ಇರಬೇಕು. ಟ್ರೈನಿಂಗ್ ಅಂತ ಬೆಂಗಳೂರಿಗೆ ಹೋಗಿದ್ದೆ. ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕದ ರಾಶಿಯೊಳಗೆ ಒಂದು ಫ್ರೆಂಚ್ ಕರಾಟೆ ಪತ್ರಿಕೆ ಸಿಕ್ಕಿತು. 15 ರೂಪಾಯಿ. ಒಂದಕ್ಷರ ಓದಲು ಬರಲಿಲ್ಲ. ಹೆಸರು, ಇಸವಿ ಮಾತ್ರ ಗೊತ್ತಾಯಿತು. ಆದರೆ ಫೋಟೋ ಇತ್ತಲ್ಲ! ಬಲಗೈ ಪೂರ್ತಿ ಚಾಚಿ, ಬಾಯಿ ಅಗಲಿಸಿ ಕಿರುಚುತ್ತಿರುವ ಹೆಂಗಸು. ಗಂಟಲಿನ ನರ ಎಲ್ಲ ಎದ್ದು ಕಾಣುತ್ತಿತ್ತು. ಆ ಪುಟ ಹರಿದು ಬೀರುವಿನ ಬಾಗಿಲಿಗೆ ಒಳಗಡೆಯಿಂದ ಅಂಟಿಸಿದೆ. ಹೊರಗಡೆ ಅಂಟಿಸುವ ಧೈರ್ಯ ಬರಲಿಲ್ಲ, ಅತ್ತೆ ಇನ್ನೂ ಇದ್ದರು.

ಲೊರಾನ್ಸ್ ಹುಟ್ಟಿದ್ದು 1973ರಲ್ಲಿ. 1998ರಲ್ಲಿ ಬ್ರೆಜಿಲ್‌ನ ರಿಯೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಗೆದ್ದರು. ಆ ಕೂಟ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಒಂದು ಸಲ ತಪ್ಪಿತು ಅಂದರೆ ಮತ್ತೆ ಎರಡು ವರ್ಷ ಬೆವರು ಹರಿಸಬೇಕು. ಒಟ್ಟು ಮೂರು ಸಲ ಅವರು ವಿಶ್ವ ಚಾಂಪಿಯನ್. ಕೊನೆಯದು 2006ರಲ್ಲಿ, ಫಿನ್‌ಲೆಂಡ್‌ನ ತಂಪೆರೆಯಲ್ಲಿ, 60 ಕೆಜಿ ಮೇಲ್ಪಟ್ಟವರ ವಿಭಾಗದಲ್ಲಿ. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಎಂಟು ವರ್ಷ. ನಮ್ಮ ಕಡೆ ಅಷ್ಟರಲ್ಲಿ ಹುಡುಗಿಗೆ ಮದುವೆಯಾಗಿ, ಮಗು ಎರಡನೇ ಕ್ಲಾಸಿಗೆ ಬಂದಿರುತ್ತದೆ.

ಫ್ರಾನ್ಸಿಗೂ ಕರಾಟೆಗೂ ಏನು ಸಂಬಂಧ ಅಂತ ನೀನು ಇನ್ನೊಂದು ಸಾಲಿನಲ್ಲಿ ಕೇಳಿದ್ದೀಯ. ಕಲೆ ಒಕಿನಾವಾ ದ್ವೀಪದ್ದು, ಜಪಾನಿನದು, ನಿಜ. ಆದರೆ 1950ರ ದಶಕದಲ್ಲೇ ಆನ್ರಿ ಪ್ಲೇ ಅನ್ನುವವರು ಪ್ಯಾರಿಸ್‌ನಲ್ಲಿ ಹೇಳಿಕೊಡಲು ಶುರು ಮಾಡಿದ್ದರು. 1972ರಲ್ಲಿ ಪ್ಯಾರಿಸ್‌ನಲ್ಲೇ ನಡೆದ ವಿಶ್ವ ಕೂಟದಲ್ಲಿ ಫ್ರಾನ್ಸಿನ ಗಂಡಸರ ತಂಡ ಗೆದ್ದಿತು. ಹೆಂಗಸರಿಗೆ ಆಗಿನ್ನೂ ಅಖಾಡದೊಳಗೆ ಜಾಗ ಇರಲಿಲ್ಲ. ವಿಶ್ವ ಕೂಟದಲ್ಲಿ ಹೆಂಗಸರ ಕುಮಿಟೆ, ಅಂದರೆ ಎದುರುಬದುರು ಹೋರಾಟ, ಬಂದದ್ದು 1982ರಲ್ಲಿ, ತೈಪೆಯಲ್ಲಿ. ಲೊರಾನ್ಸ್‌ಗೆ ಆಗ ಒಂಬತ್ತು ವರ್ಷ. ನನಗೆ ಹದಿನಾಲ್ಕು.

ಟಿವಿಯಲ್ಲಿ ಕರಾಟೆ ನೋಡಿದೆ. ಮುಟ್ಟಿದ ಹಾಗೆ ಮಾಡಿ ಅರಚಿಕೊಂಡು ತಿರುಗುತ್ತಾರೆ. ಇದು ಹೊಡೆದಾಟವೋ ನಾಟಕವೋ?
— ಕಿರಾಣಿ ವ್ಯಾಪಾರಿ, ಶಿರಾ

ಒಳ್ಳೆ ಪ್ರಶ್ನೆ ಸ್ವಾಮಿ, ವ್ಯಂಗ್ಯದ ಸಮೇತ ಸ್ವೀಕರಿಸಿದ್ದೇನೆ.

ಬಿ.ಎಚ್. ರಸ್ತೆಯಲ್ಲಿ ಎಳನೀರು ಕೊಚ್ಚುವವರನ್ನು ನೋಡಿದ್ದೀರಲ್ಲ. ಮೊದಲ ಮೂರು ಏಟು ಯಾರು ಬೇಕಾದರೂ ಹಾಕಬಹುದು. ಕೊನೆಯ ಏಟು ಇದೆಯಲ್ಲ, ಬುರುಡೆಯ ಬಾಯಿ ಬಿಚ್ಚಬೇಕು, ನೀರು ಚೆಲ್ಲಬಾರದು. ಮಚ್ಚು ಅಷ್ಟೇ ಜೋರಾಗಿ ಬರುತ್ತದೆ, ಕೂದಲೆಳೆಯಲ್ಲಿ ನಿಲ್ಲುತ್ತದೆ. ಕುಮಿಟೆ ಅಂದರೆ ಆ ಕೊನೆಯ ಏಟು.

ಇದನ್ನು ನಾನು ಕಲಿತದ್ದು ಅವಮಾನವಾಗಿ. 1991ರಲ್ಲಿ ಬೆಂಗಳೂರಿನಲ್ಲಿ ಒಂದು ಪಂದ್ಯ. ಎದುರಿಗಿದ್ದ ಹುಡುಗಿ ನನಗಿಂತ ಚುರುಕು. ಸಿಟ್ಟು ಬಂತು. ಬಿಟ್ಟೆ ಒಂದು. ಮೂಗಿನಿಂದ ರಕ್ತ ಸುರಿದು ಅವಳ ಬಿಳಿ ಬಟ್ಟೆಯೆಲ್ಲ ಕೆಂಪಾಯಿತು. ನಾನು ಗೆದ್ದೆ ಅಂತ ಕೈ ಎತ್ತಿ ನಿಂತಿದ್ದೇನೆ! ರೆಫ್ರಿ ನನ್ನನ್ನೇ ಹೊರಗೆ ಹಾಕಿದರು. ಆ ಹುಡುಗಿ ಮೂಗಿಗೆ ಹತ್ತಿ ತುರುಕಿಕೊಂಡು ಮುಂದಿನ ಸುತ್ತಿಗೆ ಹೋದಳು. ವಾಪಸ್ ಬರುವ ಬಸ್ಸಿನಲ್ಲಿ ನೆಲಮಂಗಲ ದಾಟುವವರೆಗೂ ಅತ್ತೆ. ಮೂಗಿಗಾಗಿ ಅಲ್ಲ, ಪದಕಕ್ಕಾಗಿ. ಮೂಗಿಗಾಗಿ ಅಳು ಬಂದದ್ದು ತುಂಬಾ ವರ್ಷಗಳ ಮೇಲೆ.

ಲೆಕ್ಕ ಹೇಳುತ್ತೇನೆ, ಮುಂದಿನ ಸಲ ಟಿವಿ ನೋಡುವಾಗ ಅನುಕೂಲ. ಎಂಟು ಮೀಟರ್ ಚೌಕದ ಅಖಾಡ. ಮೂರು ನಿಮಿಷ. ಒಬ್ಬರಿಗೆ ಕೆಂಪು ಬೆಲ್ಟು, ಒಬ್ಬರಿಗೆ ನೀಲಿ. ಮುಷ್ಟಿ ಏಟಿಗೆ ಒಂದು ಅಂಕ, ಅದಕ್ಕೆ ಯುಕೋ ಅನ್ನುತ್ತಾರೆ. ಹೊಟ್ಟೆಗೋ ಬೆನ್ನಿಗೋ ಕಾಲು ಬಿದ್ದರೆ ಎರಡು, ವಾಜಾರಿ. ತಲೆಯ ಎತ್ತರಕ್ಕೆ ಒದ್ದರೆ ಮೂರು, ಇಪ್ಪೋನ್. ಎದುರಾಳಿಯನ್ನು ನೆಲಕ್ಕೆ ಕೆಡವಿ ಮೇಲಿಂದ ಒಂದು ಗುದ್ದು ತೋರಿಸಿದರೂ ಮೂರು. ಎಂಟು ಅಂಕ ಮುಂದೆ ಹೋದರೆ ಆಟ ಅಲ್ಲಿಗೇ ಮುಗಿಯಿತು. ಏಟು ಮುಟ್ಟಿದರೆ ಮಾತ್ರ ಸಾಲದು. ದೂರ ಸರಿಯಿರಬೇಕು, ಸಮಯ ಸರಿಯಿರಬೇಕು, ಹೊಡೆದಾದ ಮೇಲೂ ಕಣ್ಣು ಎದುರಾಳಿಯ ಮೇಲೇ ಇರಬೇಕು. ಅಂಕ ಬಂತು ಅಂತ ಬೆನ್ನು ತಿರುಗಿಸಿದರೆ ಬಂದ ಅಂಕವೂ ಹೋಗುತ್ತದೆ.

ಅರಚಾಟದ ಬಗ್ಗೆ. ಅದು ಕಿಯಾಯ್. ಹೊಡೆಯುವ ಕ್ಷಣದಲ್ಲಿ ಉಸಿರನ್ನು ಹೊಟ್ಟೆಯಿಂದ ಒಮ್ಮೆಲೇ ಹೊರಗೆ ತಳ್ಳುವುದು. ಹೊಟ್ಟೆ ಬಿಗಿಯಾಗುತ್ತದೆ, ಏಟಿಗೆ ಮೈಯೆಲ್ಲ ಜೊತೆ ಕೊಡುತ್ತದೆ. ನಿಮ್ಮ ಅಂಗಡಿಯಲ್ಲಿ ಅಕ್ಕಿ ಮೂಟೆ ಎತ್ತುವವರು ಹುಂ ಅನ್ನುವುದಿಲ್ಲವೇ, ಅದೇ.

ನನ್ನ ಮಗಳು 46 ಕೆಜಿ, ಗಿಡ್ಡ. "ಇವಳಿಗೆ ಯಾಕೆ ಕರಾಟೆ, ಗಾಳಿಗೆ ಹಾರಿಹೋಗ್ತಾಳೆ" ಅಂತ ಅವಳ ಮಾವಂದಿರು ನಗುತ್ತಾರೆ.
— ಒಬ್ಬ ತಾಯಿ, ತುರುವೇಕೆರೆ

ಮಾವಂದಿರ ತೂಕ ಎಷ್ಟು ಅಂತ ಬರೆದಿಲ್ಲ ನೀವು.

ಕರಾಟೆಯಲ್ಲಿ ತೂಕಕ್ಕೆ ತಕ್ಕ ಜೋಡಿ. ದೊಡ್ಡ ಹೆಂಗಸರ ಕುಮಿಟೆಯಲ್ಲಿ ಐದು ವಿಭಾಗ: 50 ಕೆಜಿ ಒಳಗೆ, 55 ಒಳಗೆ, 61 ಒಳಗೆ, 68 ಒಳಗೆ, ಅದಕ್ಕಿಂತ ಮೇಲೆ. ಲೊರಾನ್ಸ್ ಆಡುವಾಗ ಮೂರೇ ಇದ್ದವು, ಜೊತೆಗೆ ತೂಕವೇ ನೋಡದ ಓಪನ್ ಅಂತ ಒಂದು. ಈಗ ಸಣ್ಣವರಿಗೆ ಒಳ್ಳೆಯ ಕಾಲ.

ನಿಮ್ಮ ಮಗಳಿಗೆ ಇನ್ನೊಬ್ಬ ಫ್ರೆಂಚ್ ಹುಡುಗಿಯನ್ನು ತೋರಿಸಿ. ಅಲೆಕ್ಸಾಂಡ್ರಾ ರೆಕಿಯಾ. 50 ಕೆಜಿ ಒಳಗಿನವರು. 2012ರಲ್ಲಿ ವಿಶ್ವ ಕೂಟ ಪ್ಯಾರಿಸ್‌ನ ಬೆರ್ಸಿ ಕ್ರೀಡಾಂಗಣದಲ್ಲೇ ನಡೆಯಿತು. ತವರಿನ ಜನರ ಮುಂದೆ ಒಬ್ಬರೇ ಆಡಿ ಒಂದು ಚಿನ್ನ, ತಂಡದ ಜೊತೆ ಇನ್ನೊಂದು. 2016ರಲ್ಲಿ ಆಸ್ಟ್ರಿಯಾದ ಲಿಂಜ್‌ನಲ್ಲಿ ಮತ್ತೆ ಚಾಂಪಿಯನ್. ಇದರ ನಡುವೆ ಕಾನೂನು ಓದಿ ವಕೀಲರೂ ಆದರು. ಅಖಾಡದಲ್ಲಿ ಒಂದು ವಾದ, ಕೋರ್ಟಿನಲ್ಲಿ ಇನ್ನೊಂದು.

ಸಣ್ಣವರ ಆಟ ನೋಡಲು ನನಗೆ ಜಾಸ್ತಿ ಇಷ್ಟ. ದಪ್ಪಗಿರುವವರು ಕಾಯುತ್ತಾರೆ. ಸಣ್ಣವರು ಕಾಯುವುದಿಲ್ಲ. ಒಳಗೆ ನುಗ್ಗಿ, ಹೊಡೆದು, ಹೊರಗೆ ಬಂದಿರುತ್ತಾರೆ. ನಮ್ಮ ಮಹಡಿಯಲ್ಲಿ 42 ಕೆಜಿಯ ಒಬ್ಬಳಿದ್ದಾಳೆ. ಅವಳ ಜೊತೆ ಅಭ್ಯಾಸಕ್ಕೆ ನಿಲ್ಲಲು ನನಗೇ ಭಯ.

ಕರಾಟೆ ಕಲಿತ ಹುಡುಗಿಗೆ ಗಂಡು ಸಿಗುತ್ತಾನಾ?
— ಹೆಸರು ಬೇಡ, ಕೊರಟಗೆರೆ

ನನಗೆ ಸಿಕ್ಕಿದ. 31 ವರ್ಷದಿಂದ ಇದ್ದಾನೆ. ಕಾಫಿ ಅವನೇ ಮಾಡುತ್ತಾನೆ.

ಮಗಳನ್ನು ಒಲಿಂಪಿಕ್ಸ್‌ಗೆ ಕಳಿಸುವ ಆಸೆ. ಕರಾಟೆಯಲ್ಲಿ ಎಷ್ಟು ವರ್ಷ ಬೇಕು?
— ರೈತ, ಕುಣಿಗಲ್ ತಾಲ್ಲೂಕು

ಕಹಿ ಮೊದಲು ಹೇಳಿಬಿಡುತ್ತೇನೆ. ಸದ್ಯ ಒಲಿಂಪಿಕ್ಸ್‌ನಲ್ಲಿ ಕರಾಟೆ ಇಲ್ಲ.

ಇತ್ತು, ಒಂದೇ ಒಂದು ಸಲ. ಟೋಕಿಯೋದಲ್ಲಿ. ಕೊರೋನಾದಿಂದ ಒಂದು ವರ್ಷ ತಡವಾಗಿ 2021ರ ಆಗಸ್ಟ್‌ನಲ್ಲಿ ಬುಡೋಕಾನ್ ಅನ್ನುವ ಸಭಾಂಗಣದಲ್ಲಿ ನಡೆಯಿತು. ಅಲ್ಲೂ ಜಿಪುಣತನ. ಹೆಂಗಸರ ಐದು ತೂಕಗಳನ್ನು ಒತ್ತಿ ಮೂರು ಮಾಡಿದರು. 50 ಕೆಜಿಯವರು 55ರವರ ಜೊತೆ ಸೆಣಸಬೇಕು. ಐದು ಕೆಜಿ ಅಂದರೆ ಏನು ಅಂತ ಹಸು ಸಾಕುವ ನಿಮಗೆ ಹೇಳಬೇಕಿಲ್ಲ, ಆದರೆ ಸಣ್ಣ ಹುಡುಗಿಗೆ ಅದು ಬೆಟ್ಟ.

ಫ್ರಾನ್ಸಿನವರಿಗೆ ಆದದ್ದು ಇನ್ನೂ ಹೊಟ್ಟೆ ಉರಿಯುವ ವಿಷಯ. ಅವರ ಸ್ಟೀವನ್ ಡಾ ಕೋಸ್ಟಾ ಟೋಕಿಯೋದಲ್ಲಿ 67 ಕೆಜಿ ಗಂಡಸರ ಚಿನ್ನ ಗೆದ್ದರು. ಮುಂದಿನ ಒಲಿಂಪಿಕ್ಸ್ 2024ರಲ್ಲಿ, ಅದೂ ಪ್ಯಾರಿಸ್‌ನಲ್ಲಿ. ಸ್ವಂತ ಮನೆಯ ಹಬ್ಬ. ಆದರೆ ಪ್ಯಾರಿಸ್‌ನವರು ಹೆಚ್ಚುವರಿ ಆಟ ಅಂತ ಆರಿಸಿಕೊಂಡದ್ದು ಬ್ರೇಕ್ ಡಾನ್ಸ್, ಸ್ಕೇಟ್‌ಬೋರ್ಡ್, ಗೋಡೆ ಹತ್ತುವುದು, ಅಲೆಯ ಮೇಲೆ ಜಾರುವುದು. ಕರಾಟೆ ಹೊರಗೆ. ಟೋಕಿಯೋ ಚಿನ್ನ ಗೆಲ್ಲುವ ಮೊದಲೇ, 2019ರಲ್ಲೇ ಈ ಪಟ್ಟಿ ಹೇಳಿಬಿಟ್ಟಿದ್ದರು. 2028ರ ಲಾಸ್ ಏಂಜಲೀಸ್‌ಗೆ ನಮ್ಮ ಕ್ರಿಕೆಟ್ ಹೋಯಿತು, ಕರಾಟೆ ಹೋಗಲಿಲ್ಲ. ನಮ್ಮನೆಯಲ್ಲಿ ಅವತ್ತು ಯಜಮಾನರು ಖುಷಿಯಾಗಿದ್ದರು, ನಾನು ಮಾತು ಬಿಟ್ಟಿದ್ದೆ.

ಹಾಗಂತ ದಾರಿ ಇಲ್ಲ ಅಂತಲ್ಲ. ಏಷ್ಯನ್ ಗೇಮ್ಸ್‌ನಲ್ಲಿ 1994ರ ಹಿರೋಶಿಮಾದಿಂದ ಕರಾಟೆ ಇದೆ. ವಿಶ್ವ ಚಾಂಪಿಯನ್‌ಷಿಪ್ ಇದೆ. ಎಷ್ಟು ವರ್ಷ ಅಂತ ಕೇಳಿದ್ದೀರಿ. ಮಗಳ ವಯಸ್ಸು ಬರೆದಿಲ್ಲ, ಅವಳಿಗೆ ಇಷ್ಟವಿದೆಯಾ ಅನ್ನುವುದನ್ನೂ ಬರೆದಿಲ್ಲ. ಎರಡನೆಯದನ್ನು ಅವಳನ್ನೇ ಕೇಳಿ, ಆಮೇಲೆ ಮತ್ತೆ ಪತ್ರ ಹಾಕಿ.

ಮಗಳಿಗೆ 'ಅಂತಾರಾಷ್ಟ್ರೀಯ' ಪಂದ್ಯಕ್ಕೆ ಆಯ್ಕೆಯಾಗಿದೆ ಅಂತ ಕ್ಲಾಸಿನವರು 14,000 ರೂಪಾಯಿ ಕೇಳುತ್ತಿದ್ದಾರೆ. ಕೊಬ್ಬರಿ ಮಾರಿದ ದುಡ್ಡು ಇದೆ. ಕಟ್ಟಲಾ?
— ತಿಪಟೂರಿನ ಒಬ್ಬರು

ಸ್ವಲ್ಪ ತಡೆಯಿರಿ.

2004ರಲ್ಲಿ ನಾನೂ ಆರು ಹುಡುಗಿಯರನ್ನು ಇಂಥದ್ದೇ ಒಂದಕ್ಕೆ ಕರೆದುಕೊಂಡು ಹೋಗಿದ್ದೆ. ಅಪ್ಪಂದಿರು ಸಾಲ ಮಾಡಿ ಕಟ್ಟಿದ್ದರು. ಹೋಗಿ ನೋಡಿದರೆ ಒಂದು ಕಲ್ಯಾಣ ಮಂಟಪ. ಹಿಂದಿನ ದಿನದ ಮದುವೆಯ ಬಾಳೆಕಂಬ ಇನ್ನೂ ಬಾಗಿಲಲ್ಲೇ ಇತ್ತು. ವಿದೇಶಿಯರು ಅಂತ ಇಬ್ಬರನ್ನು ವೇದಿಕೆ ಮೇಲೆ ಕೂರಿಸಿದ್ದರು. ಅವರಲ್ಲೊಬ್ಬ ನನಗಿಂತ ಚೆನ್ನಾಗಿ ಕನ್ನಡ ಮಾತಾಡಿದ. ನಮ್ಮ ಆರು ಜನರಲ್ಲಿ ಐವರಿಗೆ ಪದಕ. ಒಬ್ಬಳ ತೂಕದಲ್ಲಿ ಬೇರೆ ಯಾರೂ ಇರಲಿಲ್ಲ, ಅವಳಿಗೂ ಚಿನ್ನ ಹಾಕಿದರು. ವಾಪಸ್ ಬರುವಾಗ ಅವಳು ಪದಕ ತಿರುಗಿಸಿ ತಿರುಗಿಸಿ ನೋಡಿ ಕೇಳಿದಳು, "ಮಿಸ್, ನಾನು ಯಾರನ್ನ ಸೋಲಿಸಿದೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದೇ ಸಂಸ್ಥೆಯವರೇ ನನಗೆ ಮೂರನೇ ಡಾನ್ ಪರೀಕ್ಷೆ ಮಾಡಬೇಕಿತ್ತು. ಹೋಗಲಿಲ್ಲ. ಇವತ್ತಿಗೂ ಎರಡರಲ್ಲೇ ಇದ್ದೇನೆ.

ನೀವು ಕೇಳಬೇಕಾದದ್ದು ಇಷ್ಟು. ವರ್ಲ್ಡ್ ಕರಾಟೆ ಫೆಡರೇಷನ್ ಅಂತ ಒಂದಿದೆ, ಲೊರಾನ್ಸ್, ಅಲೆಕ್ಸಾಂಡ್ರಾ ಗೆದ್ದದ್ದೆಲ್ಲ ಅದರ ಕೂಟದಲ್ಲಿ. ಅದರ ಮಾನ್ಯತೆ ಇರುವ ರಾಷ್ಟ್ರೀಯ ಸಂಸ್ಥೆಗೂ ಈ ಪಂದ್ಯಕ್ಕೂ ಸಂಬಂಧ ಇದೆಯಾ? ನನ್ನ ಮಗಳ ವಯಸ್ಸು, ತೂಕದಲ್ಲಿ ಎಷ್ಟು ಜನ ಆಡುತ್ತಾರೆ? ಆಯ್ಕೆ ಅಂದಿರಲ್ಲ, ಆಯ್ಕೆ ಪಂದ್ಯ ಯಾವತ್ತು ನಡೆಯಿತು, ಸೋತವರು ಯಾರು? ಕೊನೆಯ ಪ್ರಶ್ನೆಗೆ ತಡವರಿಸಿದರೆ ದುಡ್ಡು ಜೇಬಿನಲ್ಲೇ ಇರಲಿ. ತಾಲ್ಲೂಕು, ಜಿಲ್ಲೆ ಅಂತ ಶಾಲೆಯ ಕ್ರೀಡಾಕೂಟದ ಮೆಟ್ಟಿಲು ಹತ್ತಲಿ. ಅಲ್ಲಿ ಸೋತರೂ ಯಾರ ಕೈಯಲ್ಲಿ ಸೋತೆ ಅಂತ ಗೊತ್ತಿರುತ್ತದೆ.

ನನಗೆ 41. ಹನ್ನೆರಡು ವರ್ಷ ಏಟು ತಿಂದು, ಹೋದ ವರ್ಷ ಮಗನ ಜೊತೆ ತವರಿಗೆ ಬಂದಿದ್ದೇನೆ. ಯಾರಾದರೂ ಪಕ್ಕದಲ್ಲಿ ಕೈ ಎತ್ತಿದರೆ, ತಲೆ ಬಾಚಿಕೊಳ್ಳಲು ಎತ್ತಿದರೂ, ನಾನು ಬಗ್ಗಿಬಿಡುತ್ತೇನೆ. ಗೆಲ್ಲುವ ಆಸೆ ಇಲ್ಲ. ಈ ವಯಸ್ಸಿನಲ್ಲಿ ಕರಾಟೆಗೆ ಬಂದರೆ ನಗುತ್ತೀರಾ?
— ತುಮಕೂರು

ನಿಮ್ಮ ಪತ್ರವನ್ನು ಕೊನೆಗೆ ಇಟ್ಟುಕೊಂಡೆ. ಲೊರಾನ್ಸ್ ಕಥೆಯ ಅರ್ಧ ಭಾಗ ನಿಮಗೇ ಹೇಳಬೇಕು ಅಂತ.

ಆಡುವುದು ಮುಗಿದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಅದಕ್ಕೂ ಮೊದಲೇ ಅಫ್ಘಾನಿಸ್ತಾನದ ಕಾಬೂಲ್‌ಗೆ ಹೋಗಿ ಅಲ್ಲಿನ ಹುಡುಗಿಯರಿಗೆ ಕರಾಟೆ ಕಲಿಸಿ ಬಂದಿದ್ದರು. ಆಮೇಲೆ ಕಾಂಗೋ ದೇಶದ ಬುಕಾವು ಊರಿಗೆ ಹೋದರು. ಅಲ್ಲಿ ಪಾಂಜಿ ಅಂತ ಒಂದು ಆಸ್ಪತ್ರೆ. ಯುದ್ಧದಲ್ಲಿ ಅತ್ಯಾಚಾರಕ್ಕೆ ಸಿಕ್ಕಿ ಛಿದ್ರವಾದ ಹೆಂಗಸರಿಗೆ ಆಪರೇಷನ್ ಮಾಡುವ ಡಾಕ್ಟರ್ ಡೆನಿಸ್ ಮುಕ್ವೆಗೆ ಅವರ ಆಸ್ಪತ್ರೆ. ಅವರಿಗೆ 2018ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆ ಆಸ್ಪತ್ರೆಯಲ್ಲಿ, ಗಾಯ ಹೊಲಿದ ಮೇಲೆ ಚೇತರಿಸಿಕೊಳ್ಳುತ್ತಿರುವ ಹೆಂಗಸರಿಗೆ ಲೊರಾನ್ಸ್ ಕರಾಟೆ ಕಲಿಸಲು ಶುರು ಮಾಡಿದರು. 2017ರಲ್ಲಿ ಇದಕ್ಕೆಂದೇ ಫೈಟ್ ಫಾರ್ ಡಿಗ್ನಿಟಿ ಅನ್ನುವ ಸಂಸ್ಥೆ ಕಟ್ಟಿದರು. ಪ್ಯಾರಿಸ್ ಪಕ್ಕದ ಸಾಂ-ದೆನಿಯಲ್ಲಿ, ಏಟು ತಿಂದ ಹೆಂಗಸರಿಗೆ ಚಿಕಿತ್ಸೆ ಕೊಡುವ ಒಂದು ಕೇಂದ್ರದಲ್ಲೂ ಅವರ ತರಗತಿ ನಡೆಯುತ್ತದೆ. 2019ರಲ್ಲಿ ಫ್ರಾನ್ಸ್ ಸರ್ಕಾರ ಅವರನ್ನು ಕ್ರೀಡೆಯ ರಾಯಭಾರಿ ಮಾಡಿತು. ಅದು ದೊಡ್ಡ ಹುದ್ದೆ, ಇರಲಿ. ನನ್ನ ಕಣ್ಣಿಗೆ ಕಟ್ಟುವುದು ಆಸ್ಪತ್ರೆಯ ಅಂಗಳ. ಅಲ್ಲಿ ರೆಫ್ರಿ ಇಲ್ಲ, ಕೆಂಪು ನೀಲಿ ಇಲ್ಲ. ನಿಮ್ಮ ಹಾಗೆಯೇ, ಗೆಲ್ಲಲು ಬಂದವರು ಯಾರೂ ಇಲ್ಲ.

ವಯಸ್ಸಿನ ಮಾತು ಬಿಡಿ. ಟೋಕಿಯೋದಲ್ಲಿ ಹೆಂಗಸರ ಕಟಾ, ಅಂದರೆ ಒಬ್ಬರೇ ಮಾಡಿ ತೋರಿಸುವ ವರಸೆ, ಅದರ ಚಿನ್ನ ಗೆದ್ದ ಸ್ಪೇನಿನ ಸಾಂಡ್ರಾ ಸಾಂಚೆಸ್‌ಗೆ ಆಗ 39.

ಕರಾಟೆ ಕಲಿತರೆ ನಾಳೆ ಯಾರನ್ನೋ ಹೊಡೆದು ಬೀಳಿಸುತ್ತೀರಿ ಅಂತ ನಾನು ಸುಳ್ಳು ಹೇಳುವುದಿಲ್ಲ. ಆತ ಮತ್ತೆ ಬಾಗಿಲಿಗೆ ಬಂದರೆ ಒದೆಯಲು ನಿಲ್ಲಬೇಡಿ, 112ಕ್ಕೆ ಫೋನ್ ಮಾಡಿ. 181 ಹೆಂಗಸರ ಸಹಾಯವಾಣಿ. ಜಿಲ್ಲೆಯ ಸಖಿ ಕೇಂದ್ರದಲ್ಲಿ ವಕೀಲರ ಸಲಹೆಯೂ ಸಿಗುತ್ತದೆ. ಈ ನಂಬರುಗಳು ನಿಮ್ಮ ಮಗನಿಗೂ ಬಾಯಿಪಾಠ ಇರಲಿ.

ಇನ್ನು ಬಗ್ಗುವ ವಿಷಯ. ನಮ್ಮ ಮಹಡಿಯಲ್ಲಿ ಮೊದಲ ತಿಂಗಳು ಒದೆಯುವುದೇ ಇಲ್ಲ. ನಿಲ್ಲುವುದು, ಉಸಿರಾಡುವುದು, ಕಿರುಚುವುದು. ನಗಬೇಡಿ. ಎಷ್ಟೋ ವರ್ಷದಿಂದ ಹೇಳಿಕೊಡುತ್ತಿದ್ದೇನೆ, ಹುಡುಗಿಯರಿಗೆ ಕಾಲು ಎತ್ತುವುದು ಎರಡು ವಾರದಲ್ಲಿ ಬರುತ್ತದೆ. ಕಿರುಚುವುದು ಎರಡು ತಿಂಗಳಾದರೂ ಬರುವುದಿಲ್ಲ. ಮೆತ್ತಗೆ ಕೆಮ್ಮಿದ ಹಾಗೆ ಮಾಡಿ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಾರೆ. ಸಣ್ಣವರಿದ್ದಾಗಿಂದ ದನಿ ತಗ್ಗಿಸು ಅಂತ ಕೇಳಿ ಕೇಳಿ ಆಗಿರುವುದು ಅದು. ನಾನೂ ಹಾಗೇ ಇದ್ದೆ. ಬೀರುವಿನೊಳಗಿನ ಆ ಪುಟ ನೋಡಿಕೊಂಡು, ಮನೆಯಲ್ಲಿ ಯಾರೂ ಇಲ್ಲದಾಗ, ಕುಕ್ಕರ್ ಕೂಗುವ ಹೊತ್ತಿಗೆ ಸರಿಯಾಗಿ ಕಿರುಚಿ ಅಭ್ಯಾಸ ಮಾಡಿದವಳು.

ಮೊದಲು ತರಗತಿ ಶುರು ಮಾಡಿದಾಗ ಒಂದು ಸಂಜೆ ಪಕ್ಕದ ಮನೆಯ ಅಜ್ಜಿ ಕೋಲು ಹಿಡಿದು ಮಹಡಿಗೆ ಓಡಿ ಬಂದಿದ್ದರು, ಯಾರೋ ಹುಡುಗೀನ ಹೊಡೀತಿದ್ದಾರೆ ಅಂತ. ಮೆಟ್ಟಿಲು ಹತ್ತಿದ ಸುಸ್ತಿಗೆ ಅಲ್ಲೇ ಕೂತು ನೀರು ಕುಡಿದರು. ಪೂರ್ತಿ ಕ್ಲಾಸು ನೋಡಿಕೊಂಡು ಹೋದರು.

ನೀವು ಬುಧವಾರ ಬನ್ನಿ, ಸಂಜೆ ಐದೂವರೆಗೆ. ಚೂಡಿದಾರ್ ಸಾಕು, ಬಿಳಿ ಬಟ್ಟೆ ಆಮೇಲೆ ನೋಡೋಣ. ದುಪಟ್ಟಾ ಮನೆಯಲ್ಲೇ ಇರಲಿ. ನಿಮ್ಮ ಎದುರಿಗೆ ನಾನೇ ನಿಲ್ಲುತ್ತೇನೆ, ಕೈ ಎತ್ತುವ ಮುಂಚೆ ಎತ್ತುತ್ತಿದ್ದೇನೆ ಅಂತ ಹೇಳಿಯೇ ಎತ್ತುತ್ತೇನೆ. ಕಿರುಚಲು ನಾಚಿಕೆ ಬೇಡ. ಅಜ್ಜಿಗೆ ಈಗ ರೂಢಿಯಾಗಿದೆ. ದನಿ ಸಣ್ಣದಾದರೆ ಕಾಂಪೌಂಡಿನ ಆಚೆಯಿಂದ ಅವರೇ ಕೂಗುತ್ತಾರೆ, "ಕೇಳಿಸ್ಲಿಲ್ಲ ಕಣ್ರಮ್ಮ!"